ಮನೆತನದ ಇತಿಹಾಸ: ಬಂಧುಗಳು ಕೂಡಿ ಬರೆಯಬೇಕಾದ ಲೆಕ್ಕ

ಬ್ಯಾಂಕಿನ ವರ್ಗಾವಣೆಯ ಮೇಲೆ ನಾನು ಛತ್ರಪತಿ ಸಂಭಾಜಿನಗರದಿಂದ ನಾಸಿಕಕ್ಕೆ ಬಂದ ವರ್ಷ, ಎದೆಯಲ್ಲಿ ಆಗಾಗ ತೋರುತ್ತಿದ್ದ ಬಿಗಿತದ ಕಾರಣದಿಂದ ಹೃದ್ರೋಗ ತಜ್ಞರೊಬ್ಬರನ್ನು ಕಾಣಬೇಕಾಯಿತು. ರಕ್ತದೊತ್ತಡ, ಸಕ್ಕರೆ, ಇ.ಸಿ.ಜಿ. ಎಲ್ಲವನ್ನೂ ಪರೀಕ್ಷಿಸಿದ ಬಳಿಕ ಅವರು ಕೇಳಿದ ಪ್ರಶ್ನೆ ಇಷ್ಟೇ: “ನಿಮ್ಮ ಮನೆತನದಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾಗಿತ್ತೇ?” ಇಪ್ಪತ್ತು ವರ್ಷಗಳ ಕಾಲ ಪರರ ಖಾತೆಗಳನ್ನು ಪೈಸೆಗೆ ಪೈಸೆ ತಾಳೆ ನೋಡಿದ ನನಗೆ ಸ್ವಂತ ಮನೆತನದ ಲೆಕ್ಕ ತಿಳಿದಿರಲಿಲ್ಲ. ಅಜ್ಜ ಹೊಲದಲ್ಲಿ ಕುಸಿದು ತೀರಿಕೊಂಡರೆಂದು ಕೇಳಿದ್ದೆ. ಆಗ ಅವರ ವಯಸ್ಸೆಷ್ಟೆಂದು ಎಂದೂ ಕೇಳಿರಲಿಲ್ಲ.

ಅಂದು ರಾತ್ರಿ ಧಾರವಾಡದಲ್ಲಿದ್ದ ನನ್ನ ಸೋದರತ್ತೆಗೆ ದೂರವಾಣಿ ಮಾಡಿದೆ. “ಅಪ್ಪಗ ನಲವತ್ತೆಂಟು ಆಗಿತ್ತಪ್ಪಾ. ಉಳಿದದ್ದು ಫೋನಿನ್ಯಾಗ ಹೇಳೂದಲ್ಲ. ದೀಪಾವಳಿಗೆ ಬಾ, ಕೂತು ಹೇಳತೀನಿ” ಎಂದರು. ದೀಪಾವಳಿಗೆ ಎರಡು ವಾರ ಉಳಿದಿರುವಾಗ ಅವರು ತೀರಿಕೊಂಡರು. ಹೇಳಬೇಕೆಂದಿದ್ದ ಮಾತುಗಳೂ ಅವರೊಡನೆಯೇ ಹೋದವು. ನನ್ನಂತೆಯೇ ಊರು ಬಿಟ್ಟು ಬಂದಿರುವ ಓದುಗರು ಈ ನಷ್ಟಕ್ಕೆ ಗುರಿಯಾಗಬಾರದೆಂಬುದೇ ಈ ಲೇಖನದ ಉದ್ದೇಶ.

ಹಿಂದಿನವರ ವ್ಯವಸ್ಥೆ

ನಮ್ಮ ಹಿರಿಯರು ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸುಗ್ಗಿಯ ನಂತರ ಹೆಳವರು ಎತ್ತಿನ ಮೇಲೆ ಕುಳಿತು ಬರುತ್ತಿದ್ದರು. ಮನೆಯ ಮುಂದೆ ನಿಂತು ಆ ಮನೆತನದ ಪೀಳಿಗೆಗಳನ್ನು ಒಂದೊಂದಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ವಂಶಾವಳಿಯನ್ನು ಕಾಯುವುದೇ ಅವರ ಕುಲವೃತ್ತಿ. ಆದರೆ ಹೆಳವರ ಎತ್ತು ನಮ್ಮ ಫ್ಲ್ಯಾಟಿನ ನಾಲ್ಕನೆಯ ಮಹಡಿಯನ್ನು ಹತ್ತಲಾರದು.

ನಾಸಿಕದ ಪಂಚವಟಿಯಲ್ಲಿಯೂ ತ್ರ್ಯಂಬಕೇಶ್ವರದಲ್ಲಿಯೂ ತೀರ್ಥಪುರೋಹಿತರು ಇಟ್ಟಿರುವ ವಹಿಗಳು ಇದೇ ಬಗೆಯ ಇನ್ನೊಂದು ಭಂಡಾರ. ಯಾತ್ರಿಕರು ಬಂದಾಗ ಅವರ ಊರು, ಅಡ್ಡಹೆಸರು, ತಂದೆ, ಅಜ್ಜ, ಸಹೋದರರು, ಮಕ್ಕಳ ಹೆಸರುಗಳನ್ನು ಬರೆದು ಸಹಿ ಪಡೆಯುವುದು ಇಲ್ಲಿಯ ವಾಡಿಕೆ. ಕಳೆದ ಬೇಸಿಗೆಯಲ್ಲಿ ನಮ್ಮ ದಾಯಾದಿಗಳೂ ಹೆಣ್ಣುಮಕ್ಕಳ ಕಡೆಯವರೂ ಸೇರಿ ಇಪ್ಪತ್ಮೂರು ಜನ ನನ್ನ ಮನೆಯಲ್ಲಿ ಕೂಡಿದಾಗ ಇಂಥ ಒಂದು ವಹಿಯನ್ನು ನೋಡುವ ಯೋಗ ಒದಗಿತು. ಶಕ 1850ರ ಒಂದು ಪುಟದಲ್ಲಿ ನಮ್ಮ ಮುತ್ತಜ್ಜನ ಸಹಿಯಿತ್ತು. ಜೊತೆಗೆ ಇಬ್ಬರು ತಮ್ಮಂದಿರ ಹೆಸರುಗಳಿದ್ದವು. ನಮಗೆ ಗೊತ್ತಿದ್ದುದು ಒಬ್ಬರು ಮಾತ್ರ. ಇನ್ನೊಬ್ಬರು ಯಾರು, ಎಲ್ಲಿಗೆ ಹೋದರು ಎಂಬುದನ್ನು ಅಲ್ಲಿದ್ದವರಲ್ಲಿ ಒಬ್ಬರೂ ಹೇಳಲಾರದೆ ಹೋದರು. ಸೋದರತ್ತೆಗೆ ಅದು ಖಂಡಿತವಾಗಿ ಗೊತ್ತಿದ್ದಿರಬೇಕು.

ಗುಹೆಗಳು ಹೇಳುವ ಪಾಠ

ಕುಟುಂಬದ ನೆನಪು ಯಾರ ಬಳಿ ಉಳಿದಿರುತ್ತದೆ ಎಂಬುದಕ್ಕೆ ನಾವು ನೆಲೆಸಿರುವ ಈ ಎರಡು ನಗರಗಳ ಸಮೀಪದಲ್ಲಿಯೇ ಶಿಲಾಸಾಕ್ಷ್ಯಗಳಿವೆ. ನಾಸಿಕದ ಪಾಂಡವಲೇಣಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. ಎರಡನೆಯ ಶತಮಾನದ ಒಂದು ಶಾಸನವಿದೆ. ಶಾತವಾಹನ ದೊರೆ ಪುಲುಮಾವಿಯ ಹತ್ತೊಂಬತ್ತನೆಯ ಆಳ್ವಿಕೆಯ ವರ್ಷದಲ್ಲಿ ಅದನ್ನು ಬರೆಯಿಸಿದವಳು ಅವನ ಅಜ್ಜಿ ಗೌತಮೀ ಬಲಶ್ರೀ. ತನ್ನ ಮಗ ಗೌತಮೀಪುತ್ರ ಶಾತಕರ್ಣಿಯ ಸಾಧನೆಗಳನ್ನು ಆಕೆ ಅಲ್ಲಿ ದಾಖಲಿಸಿದ್ದಾಳೆ. ತಾಯಿಯ ಹೆಸರಿನಿಂದ ಮಗನನ್ನು ಗುರುತಿಸುತ್ತಿದ್ದ ಆ ಮನೆತನದ ಕೀರ್ತಿ ನಮಗೆ ವಿಶೇಷವಾಗಿ ತಿಳಿದಿರುವುದು ಒಬ್ಬ ಅಜ್ಜಿಯಿಂದ.

ಎರಡನೆಯ ಸಾಕ್ಷ್ಯ ಸಂಭಾಜಿನಗರಕ್ಕೆ ಸುಮಾರು 30 ಕಿಲೋಮೀಟರು ದೂರದ ವೇರೂಳಿನದು, ಅಂದರೆ ಎಲ್ಲೋರಾದ್ದು. ಅಲ್ಲಿಯ ದಶಾವತಾರ ಗುಹೆಯ ಶಾಸನದಲ್ಲಿ ರಾಷ್ಟ್ರಕೂಟರ ವಂಶಾವಳಿಯು ದಂತಿವರ್ಮನಿಂದ ಮೊದಲಾಗಿ ದಂತಿದುರ್ಗನವರೆಗೆ ಆರು ತಲೆಮಾರುಗಳ ತನಕ ಬರುತ್ತದೆ. ಪಕ್ಕದಲ್ಲಿರುವ ಜಗತ್ಪ್ರಸಿದ್ಧ ಕೈಲಾಸ ದೇವಾಲಯವನ್ನು ಮಾಡಿಸಿದವನು ದಂತಿದುರ್ಗನ ಚಿಕ್ಕಪ್ಪನಾದ ಒಂದನೆಯ ಕೃಷ್ಣ ಎಂಬುದಕ್ಕೆ ಮುಖ್ಯ ಆಧಾರ ಯಾವುದು? ಬಡೋದೆಯಲ್ಲಿ ದೊರೆತ, ಕ್ರಿ.ಶ. 812-13ರ ತಾಮ್ರಪಟ. ಅದನ್ನು ಕೊಟ್ಟವನು ಕರ್ಕ. ಇವನು ಕೃಷ್ಣನ ಮರಿಮಗ, ಗುಜರಾತಿಗೆ ಹೋಗಿ ನೆಲೆಸಿದ ಶಾಖೆಯವನು. ಎಲಾಪುರದಲ್ಲಿ ಕೃಷ್ಣರಾಜನು ಮಾಡಿಸಿದ ಅದ್ಭುತ ಶಿವಾಲಯದ ವರ್ಣನೆ ಆ ಪಟದಲ್ಲಿದೆ. ಮೂಲಮನೆಯಲ್ಲಿ ದೊರೆಯದ ಸಂಗತಿ ದೂರ ಹೋದ ದಾಯಾದಿಯ ಮನೆಯಲ್ಲಿ ದೊರೆಯಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಆದುದರಿಂದ ಮನೆತನದ ಇತಿಹಾಸವನ್ನು ಒಬ್ಬನೇ ಕುಳಿತು ಬರೆಯಲಾಗದು. ಚೂರುಚೂರಾಗಿ ಹಂಚಿಹೋಗಿರುವ ಅದನ್ನು ಬಂಧುಗಳೆಲ್ಲ ಕೂಡಿಯೇ ಜೋಡಿಸಬೇಕು.

ಕೂಡಿಸುವ ಬಗೆ

ಮದುವೆ ಮುಂಜಿಗಳ ಗದ್ದಲದಲ್ಲಿ ಈ ಕೆಲಸ ಆಗದು. ಇದಕ್ಕಾಗಿಯೇ ಎರಡು ದಿನ ಗೊತ್ತುಮಾಡಿ, ಪ್ರತಿಯೊಂದು ಮನೆಯವರೂ ಹಳೆಯ ಜಾತಕ, ಪತ್ರ, ಭಾವಚಿತ್ರ, ಜಮೀನಿನ ಕಾಗದ, ಶಾಲೆಯ ದಾಖಲೆಗಳನ್ನು ತರುವಂತೆ ಮೊದಲೇ ತಿಳಿಸಬೇಕು. ಎಲ್ಲರಿಗಿಂತ ಹಿರಿಯರು ಮೊದಲು ಮಾತನಾಡಲಿ. ಒಬ್ಬರು ಮೊಬೈಲಿನಲ್ಲಿ ಧ್ವನಿಮುದ್ರಿಸಲಿ, ಇನ್ನೊಬ್ಬರು ಬರೆದುಕೊಳ್ಳಲಿ. “ನಿಮ್ಮ ಜೀವನದ ಬಗ್ಗೆ ಹೇಳಿರಿ” ಎಂದರೆ ಹಿರಿಯರು ಸುಮ್ಮನಾಗುತ್ತಾರೆ. “ನೀವು ಹುಟ್ಟಿದ ಮನೆಯಲ್ಲಿ ಬಾವಿ ಎಲ್ಲಿತ್ತು?” ಎಂದು ಕೇಳಿದರೆ ಮಾತು ತಾನಾಗಿಯೇ ಹರಿಯುತ್ತದೆ.

ಪ್ರತಿಯೊಂದು ಸಂಗತಿಯ ಮುಂದೆ ಹೇಳಿದವರ ಹೆಸರನ್ನೂ ದಿನಾಂಕವನ್ನೂ ಬರೆಯಬೇಕು. ವೋಚರು ಇಲ್ಲದ ಜಮೆಯನ್ನು ಬ್ಯಾಂಕು ಒಪ್ಪುವುದಿಲ್ಲವಷ್ಟೆ! ಇಬ್ಬರು ಎರಡು ಬಗೆಯಾಗಿ ಹೇಳಿದರೆ ಒಂದನ್ನು ಅಳಿಸದೆ ಎರಡನ್ನೂ ಬರೆದಿಡಬೇಕು. ಹೆಣ್ಣುಮಕ್ಕಳ ಹೆಸರುಗಳನ್ನೂ ಅವರ ಸಂತತಿಯನ್ನೂ ತಪ್ಪದೆ ಸೇರಿಸಬೇಕು. ಗಂಡಸರ ಹೆಸರುಗಳೇ ತುಂಬಿರುವ ಹಳೆಯ ವಂಶವೃಕ್ಷಗಳು ಅರ್ಧ ಲೆಕ್ಕ ಮಾತ್ರ.

ದಾಖಲೆಗಳನ್ನು ಓದುವಾಗ ಕೆಲವು ಎಚ್ಚರಿಕೆಗಳು ಅವಶ್ಯ. ಧಾರವಾಡ, ಬೆಳಗಾವಿ, ವಿಜಯಪುರ ಕಡೆಯ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿರುವುದುಂಟು. ಬೀದರ, ಕಲಬುರಗಿ, ರಾಯಚೂರುಗಳು ಮರಾಠವಾಡೆಯೊಡನೆ 1956ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದುದರಿಂದ ಅಲ್ಲಿಯ ನಿಜಾಮರ ಕಾಲದ ಕಾಗದಗಳು ಉರ್ದುವಿನಲ್ಲಿ, ಫಸಲಿ ವರ್ಷದಲ್ಲಿ ಇರುತ್ತವೆ. ಫಸಲಿಗೆ ಸುಮಾರು 590 ಕೂಡಿಸಿದರೆ ಇಸವಿ ಬರುತ್ತದೆ. ಶಕವರ್ಷಕ್ಕೆ 78 ಕೂಡಿಸಬೇಕು. ಜಾತಕದಲ್ಲಿ ಪ್ರಭವ ಸಂವತ್ಸರವೆಂದಷ್ಟೇ ಇದ್ದರೆ ಅದು 1927-28 ಆಗಬಹುದು, 1987-88 ಕೂಡ ಆಗಬಹುದು. ಮಹಾರಾಷ್ಟ್ರಕ್ಕೆ ಬಂದ ಮೇಲೆ ಅರ್ಜಿಯಲ್ಲಿ ಅಡ್ಡಹೆಸರು ಬೇಕೆಂದು ಒಬ್ಬ ತಮ್ಮ ಊರಿನ ಹೆಸರನ್ನೂ ಇನ್ನೊಬ್ಬ ವೃತ್ತಿಯ ಹೆಸರನ್ನೂ ಬರೆಯಿಸಿ, ಒಡಹುಟ್ಟಿದವರ ಮಕ್ಕಳು ಕಾಗದದಲ್ಲಿ ಪರಕೀಯರಾಗಿರುವ ಉದಾಹರಣೆಗಳನ್ನು ನಾನು ಬ್ಯಾಂಕಿನಲ್ಲಿ ದಿನವೂ ಕಾಣುತ್ತೇನೆ.

ಆರೋಗ್ಯದ ಪುಟ

ನಾನು ವೈದ್ಯನಲ್ಲ. ಆದರೂ ವೈದ್ಯರಿಂದ ತಿಳಿದುಕೊಂಡ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ತಂದೆ ಅಥವಾ ಸಹೋದರನಿಗೆ 55 ವರ್ಷದೊಳಗೆ, ತಾಯಿ ಅಥವಾ ಸಹೋದರಿಗೆ 65 ವರ್ಷದೊಳಗೆ ಹೃದ್ರೋಗ ಬಂದಿದ್ದರೆ ಉಳಿದವರು ಹೆಚ್ಚಿನ ಎಚ್ಚರ ವಹಿಸಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸ್ತನದ ಕ್ಯಾನ್ಸರು ಮೊದಲಾದವುಗಳಲ್ಲಿಯೂ ಮನೆತನದ ವಿವರ ವೈದ್ಯರಿಗೆ ಸಹಾಯಕವಾಗುತ್ತದೆ. ಸೋದರಮಾವ ಅಥವಾ ಅತ್ತೆಯ ಮಕ್ಕಳೊಡನೆ ಸಂಬಂಧ ಬೆಳೆಸುವ ರೂಢಿ ನಮ್ಮಲ್ಲಿರುವುದರಿಂದ, ಎಳೆಯ ಮಕ್ಕಳ ಮರಣಗಳನ್ನೂ ಮುಚ್ಚಿಡದೆ ಬರೆದಿಡಬೇಕು. ಆದುದರಿಂದ ವಂಶವೃಕ್ಷದ ಜೊತೆಗೆ ಒಂದು ಪ್ರತ್ಯೇಕ ಹಾಳೆಯಲ್ಲಿ ಪ್ರತಿಯೊಬ್ಬರ ಮುಖ್ಯ ಕಾಯಿಲೆ, ಅದು ಬಂದ ವಯಸ್ಸು, ಮರಣದ ಕಾರಣ ಹಾಗೂ ವಯಸ್ಸನ್ನು ಬರೆಯುವುದು ಉತ್ತಮ. ಅಜ್ಜನ “ನಲವತ್ತೆಂಟು” ಎಂಬ ಒಂದೇ ಸಂಖ್ಯೆಯಿಂದ ನನ್ನ ಚಿಕಿತ್ಸೆಯ ದಿಕ್ಕು ಬದಲಾಯಿತು. ನನ್ನ ತಮ್ಮನೂ ತಪಾಸಣೆ ಮಾಡಿಸಿಕೊಂಡನು.

ರಕ್ಷಣೆ ಮತ್ತು ಗೋಪ್ಯತೆ

ಹಳೆಯ ಕಾಗದಗಳಿಗೆ ಅಂಟುಪಟ್ಟಿ ಹಚ್ಚಬಾರದು, ಲ್ಯಾಮಿನೇಶನ್ ಮಾಡಿಸಬಾರದು. ಭಾವಚಿತ್ರದ ಹಿಂದೆ ಮೃದುವಾದ ಪೆನ್ಸಿಲಿನಿಂದ ಹೆಸರುಗಳನ್ನು ಬರೆಯಬೇಕು. ಎಲ್ಲವುಗಳ ನಕಲು ಕನಿಷ್ಠ ಮೂರು ಊರುಗಳ ಮೂರು ಮನೆಗಳಲ್ಲಿರಲಿ. ಆದರೆ ಬದುಕಿರುವವರ ಜನ್ಮದಿನಾಂಕ, ತಾಯಿಯ ತವರಿನ ಅಡ್ಡಹೆಸರು, ಆಧಾರ್ ಸಂಖ್ಯೆ, ಕಾಯಿಲೆಗಳನ್ನು ಮೊಬೈಲಿನ ಗುಂಪುಗಳಲ್ಲಿ ಹರಡಬಾರದು. ವಂಚಕರು ಖಾತೆದಾರನ ಸೋಗು ಹಾಕಲು ಇಂಥ ವಿವರಗಳನ್ನೇ ಹುಡುಕುತ್ತಾರೆ. ದತ್ತು, ಎರಡನೆಯ ಮದುವೆ, ಆಸ್ತಿಯ ಜಗಳ ಮುಂತಾದ ಸೂಕ್ಷ್ಮ ಸಂಗತಿಗಳನ್ನು ಸಂಬಂಧಪಟ್ಟವರ ಒಪ್ಪಿಗೆಯಿಲ್ಲದೆ ಹಂಚುವುದೂ ಸರಿಯಲ್ಲ.

ನಮ್ಮ ಮಕ್ಕಳು ಮರಾಠಿ, ಇಂಗ್ಲಿಷುಗಳಲ್ಲಿ ಓದಿ ಬೆಳೆಯುತ್ತಿದ್ದಾರೆ. ಅಜ್ಜಿಯ ಕನ್ನಡವನ್ನು ಪೂರ್ತಿಯಾಗಿ ತಿಳಿಯಬಲ್ಲ ಕೊನೆಯ ಪೀಳಿಗೆ ಬಹುಶಃ ನಮ್ಮದೇ ಆಗಬಹುದು. ಆದಕಾರಣ ಕೇಳಿ ಬರೆದುಕೊಳ್ಳುವ ಹೊಣೆಯೂ ನಮ್ಮದೇ. ಈ ಸಂಚಿಕೆಯನ್ನು ಕೆಳಗಿಟ್ಟ ಕೂಡಲೆ ನಿಮ್ಮ ಮನೆತನದ ಅತ್ಯಂತ ಹಿರಿಯರಿಗೆ ಒಂದು ದೂರವಾಣಿ ಕರೆ ಮಾಡಿರಿ ಎಂದು ವಿನಂತಿಸುತ್ತೇನೆ. ಅವರು “ದೀಪಾವಳಿಗೆ ಬಾ” ಎಂದರೆ ದಯವಿಟ್ಟು ದೀಪಾವಳಿಯವರೆಗೆ ಕಾಯಬೇಡಿರಿ.