ಇಳಕಲ್ ಸೀರೆಯ ಕೊಂಡಿ ಕಲಿಯೋದು ಹೇಗೆ?

ಹತ್ತಿ ಒಡಲಿನ ಇಳಕಲ್ ಸೀರೆಗೆ ಹಾಸು, ಅಂದರೆ ಮಗ್ಗದ ಉದ್ದನೆಯ ಎಳೆಗಳು, ಎರಡು ಥರ, ಗೊತ್ತಾ? ಒಡಲಿಗೆ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ. ಇವೆರಡನ್ನೂ ಕೂಡಿಸೋದೇ ಕೊಂಡಿ. ಮಗ್ಗಕ್ಕೆ ಹೊಸದಾಗಿ ಕೂತವರ ಕೈ ಪಳಗಬೇಕಾದದ್ದು ಇಲ್ಲೇ.

ನೋಡಿ, ಹತ್ತಿ ಎಳೆಯ ಕುಣಿಕೆಯೊಳಗೆ ರೇಷ್ಮೆ ಎಳೆಯ ಕುಣಿಕೆ. ಎಳೆಗೆ ಎಳೆ, ಸಾವಿರಾರು ಸಲ! ಅದಕ್ಕೇ ಆರು, ಎಂಟು, ಒಂಬತ್ತು ಗಜ ಅಂತ ಒಂದೊಂದು ಸೀರೆಗೂ ಬೇರೆ ಹಾಸು ಹೂಡಬೇಕು.

ಆಮೇಲೆ ಸೆರಗಿನ ವಿನ್ಯಾಸ. ಕೆಂಪು ಪಟ್ಟಿ, ನಡುವೆ ಬಿಳಿ. ತುದಿಗೆ ಹಣಿಗೆ, ಕೋಟೆ, ಜೋಳದ ತೆನೆ. ದಡಿಯಲ್ಲೂ ಗೋಮಿ, ಪರಾಸ್‌ಪೇಟ್, ಗಾಡಿ ಅಂತ ಬಗೆಬಗೆ, ಕಲಿತಷ್ಟೂ ಇದೆ.

ಇಳಕಲ್‌ಗೆ ಹೋದರೆ ಸೀರೆ ಬಿಚ್ಚಿಸಿ, ಒಡಲು ಸೆರಗು ಕೂಡೋ ಗೆರೆಯನ್ನ ಬೆರಳಲ್ಲಿ ಮುಟ್ಟಿ ನೋಡಿ.