ಕಣ್ಣೊಳಗೆ ತೆವಳುವ ದಾರ

2018ರಲ್ಲಿ ಕುಂದಾಪುರದ ನೇತ್ರವೈದ್ಯರೊಬ್ಬರು ರೋಗಿಯ ಕಣ್ಣಿನಿಂದ ಸುಮಾರು 15 ಸೆಂ.ಮೀ. ಉದ್ದದ ಜೀವಂತ ಹುಳು ಹೊರತೆಗೆದರು. ಕುಂದಾಪುರದಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಬಂದರೆ ನಮ್ಮ ಉತ್ತರ ಕನ್ನಡದ ಭಟ್ಕಳ, ಆಮೇಲೆ ಹೊನ್ನಾವರ, ಕುಮಟಾ. ಅದೇ ಮಳೆ, ಅದೇ ಅಡಿಕೆ ತೋಟ, ಅದೇ ಸೊಳ್ಳೆ. ಹಾಗಾಗಿ ಇದನ್ನು ಯಾವುದೋ ಊರಿನ ವಿಚಿತ್ರ ಸುದ್ದಿ ಎಂದು ಓದಿ ಮರೆಯುವಂತಿಲ್ಲ.

ಕೇರಳ, ಕರ್ನಾಟಕದ ಕರಾವಳಿಯಲ್ಲಿ ಕಣ್ಣಿನಲ್ಲಿ ಸಿಗುವ ಹುಳುಗಳ ಪೈಕಿ ಮುಖ್ಯವಾದದ್ದು ಡೈರೋಫೈಲೇರಿಯಾ ರೆಪೆನ್ಸ್. ಲ್ಯಾಟಿನ್ ಮೂಲದ ಈ ಹೆಸರಿನ ಅರ್ಥ ‘ತೆವಳುವ ಕ್ರೂರ ದಾರ’. ಇದರ ನಿಜವಾದ ಮನೆ ನಾಯಿಯ ಚರ್ಮದಡಿ. ಮರಿಗಳು ನಾಯಿಯ ರಕ್ತದಲ್ಲಿ ಓಡಾಡುತ್ತವೆ. ಆ ರಕ್ತ ಹೀರಿದ ಸೊಳ್ಳೆಯೊಳಗೆ ಎರಡು ವಾರದಷ್ಟು ಕಾಲ ಬೆಳೆದು, ಅದು ಮತ್ತೆ ಕಚ್ಚಿದಾಗ ಹೊಸ ದೇಹ ಸೇರುತ್ತವೆ. ಮನುಷ್ಯನ ಮೈ ಹುಳುವಿಗೆ ಒಗ್ಗುವುದಿಲ್ಲ. ಇಲ್ಲಿ ಅದರ ಸಂತಾನ ಮುಂದುವರಿಯುವುದು ತೀರಾ ಅಪರೂಪ. ದಾರಿ ತಪ್ಪಿದ ಒಂಟಿ ಹುಳು ಚರ್ಮದಡಿ ಗಂಟಾಗುತ್ತದೆ, ಇಲ್ಲವೇ ಕಣ್ಣಿನ ಬಿಳಿಭಾಗದ ತೆಳುಪೊರೆಯಡಿ ಹರಿದಾಡುತ್ತದೆ. ಕಣ್ಣು ಕೆಂಪಾಗಿ, ತುರಿಸಿ, ಏನೋ ಸರಿದಾಡಿದಂತೆ ಅನಿಸುತ್ತದೆ.

ಆನೆಕಾಲು ರೋಗದ ಹುಳುವೂ ಇದೇ ಬಳಗದ್ದು. ಆ ರೋಗ ಉತ್ತರ ಕನ್ನಡಕ್ಕೆ ಹೊಸತಲ್ಲ. ಅದರ ಮಾತ್ರೆ ನುಂಗಿದವರು ನಮ್ಮಲ್ಲಿ ಬಹಳ ಮಂದಿ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಆನೆಕಾಲಿನ ಹುಳು ಮನುಷ್ಯನಿಂದ ಮನುಷ್ಯನಿಗೆ ಸೊಳ್ಳೆಯ ಮೂಲಕ ಸಾಗುತ್ತದೆ. ಹಾಗಾಗಿ ಜನರಿಗೆ ಮಾತ್ರೆ ಕೊಟ್ಟರೆ ಸರಪಳಿ ತುಂಡಾಗುತ್ತದೆ. ಕಣ್ಣಿನ ಈ ಹುಳುವಿನ ಸರಪಳಿ ಇರುವುದು ನಾಯಿಯಲ್ಲಿ. ನಾಯಿಗೆ ಔಷಧಿ ಕೊಡದೆ ಅದು ಮುರಿಯುವುದಿಲ್ಲ.

ಚಿಕಿತ್ಸೆ ಮಾತ್ರ ಸರಳ. ಕಣ್ಣಿನ ಭಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಪೊರೆಯನ್ನು ತುಸು ಕತ್ತರಿಸಿ ಹುಳುವನ್ನು ಇಡಿಯಾಗಿ ತೆಗೆಯುತ್ತಾರೆ. ಪೊರೆಯಡಿ ಇರುವಾಗಲೇ ತೆಗೆದರೆ ದೃಷ್ಟಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಕಣ್ಣುಗುಡ್ಡೆಯ ಒಳಹೊಕ್ಕರೆ ಅಪಾಯ.

ಆದ್ದರಿಂದ ಕೆಂಪಾದ ಕಣ್ಣನ್ನು ತಿಕ್ಕಬೇಡಿ. ಸೊಪ್ಪಿನ ರಸ, ಅಂಗಡಿಯಲ್ಲಿ ಕೇಳಿ ತಂದ ಹನಿಮದ್ದು ಹಾಕಿ ದಿನ ಕಳೆಯಬೇಡಿ, ನೇತ್ರವೈದ್ಯರಿಗೆ ತೋರಿಸಿ. ತೋಟದ ಹಾಳೆ, ಅಂಗಳದ ಕರಟ, ಹಳೆ ಟಯರುಗಳಲ್ಲಿ ನಿಂತ ನೀರು ಚೆಲ್ಲಿ. ಮನೆಯ ನಾಯಿಯನ್ನು ಪಶುವೈದ್ಯರ ಬಳಿ ಕರೆದೊಯ್ಯಿರಿ. ಬಾಗಿಲು ಕಾಯುವ ಆ ಜೀವದ ಆರೋಗ್ಯ ಕಾಯುವುದು ನಮ್ಮ ಕಣ್ಣನ್ನೂ ಕಾಯುತ್ತದೆ.