ಉಣಕಲ್ ಕೆರಿ: ದೋಣಿ ಹತ್ತೂಣೇನ್ರಿ?

ಚಿಗರಿ ಬಸ್ಸಿನ ಕಿಟಕಿಯಾಗ
ದಿನಾ ನೋಡೂ ಕೆರಿ.
ದೋಣಿ ಹತ್ತಿ ನಡುಗಡ್ಡಿ ನೋಡೀರೇನ್ರಿ?

ಇದು ಹುಬ್ಬಳ್ಳಿಯ ಉಣಕಲ್ ಕೆರಿ.
ನೀರಿನ ನಡುವ ಸ್ವಾಮಿ ವಿವೇಕಾನಂದರ ಮೂರ್ತಿ.
ದಂಡಿಯಿಂದ ಸಣ್ಣದ ಕಾಣ್ತೈತಿ.
ದೋಣಿ ಹತ್ರಕ್ಕ ಹೋದಂಗ
ಕುತ್ತಿಗಿ ಮ್ಯಾಲೆತ್ತಬೇಕು!

ಒಂದು ಕಾಲಕ್ಕ ಊರಿಗೆ
ಕುಡಿಯೂ ನೀರು ಇಲ್ಲಿಂದನ.
ಈಗ ನಳಕ್ಕ ಮಲಪ್ರಭಾ ಬಂದಾಳ.
ಕೆರಿಗೆ? ಗಟಾರ ನೀರು.
ಅದನ್ನ ಕುಡದು ಅಂತರಗಂಗಿ ಸೊಕ್ಕತೈತಿ.
ಹಬ್ಬಿತಂದ್ರ, ಕೆರಿಗೆ ಹಸಿರು ಕೌದಿ ಹೊಚ್ಚಿದಂಗ.
ಅವಾಗ ದೋಣಿ ಎಲ್ಲಿಂದ ಹೋಗಬೇಕ್ರಿ?

ದೋಣಿ ಇಳಿದು ಸೀದಾ ಮನಿಗೆ ಹೋಗಬ್ಯಾಡ್ರಿ.
ಉಣಕಲ್ ಊರೊಳಗ
ಚಂದ್ರಮೌಳೇಶ್ವರ ಗುಡಿ ಐತಿ.
ಚಾಲುಕ್ಯರ ಕಾಲದ್ದು,
ಸುಮಾರು 900 ವರ್ಷ ಹಳೇದು.
ನಾಲ್ಕೂ ದಿಕ್ಕಿಗೆ ಬಾಗಿಲ,
ಕಲ್ಲಾಗ ಕೊರೆದ ಜಾಲಂದ್ರ.

ಕೆರಿಗೆ ಸಂಜಿ ಛಲೋ.
ಗುಡಿಗೆ ಮಾತ್ರ
ಬೆಳಕಿದ್ದಾಗ ಹೋಗ್ರಿ.